ಜಾಲಿ ಫೋನಿಕ್ಸ್: ಕನ್ನಡ ಮನೆಮಾತಿನ ಮಕ್ಕಳಿಗೆ ಎಷ್ಟು ಒಗ್ಗುತ್ತದೆ, ಯಾವ ಪುಸ್ತಕ ಕೊಳ್ಳಬೇಕು, ಯಾವುದು ಬೇಡ

ಒಂದನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಓದು–ಬರಹ ಕಲಿಸುವುದಕ್ಕೆ ಏನು ತರಿಸಬೇಕು ಎಂದು ಯಾವ ಶಿಕ್ಷಕರ ಗುಂಪಿನಲ್ಲಿ ಕೇಳಿದರೂ ಅಕ್ಷರದ ಧ್ವನಿಯಿಂದ ಓದು ಕಲಿಸುವ ಜಾಲಿ ಫೋನಿಕ್ಸ್ ಕ್ರಮದ ಹೆಸರು ಬಂದೇ ಬರುತ್ತದೆ. ಹೆಸರು ಹೇಳಿದವರು ಯಾವ ಪುಸ್ತಕ, ಎಷ್ಟು, ನಮ್ಮ ಮಕ್ಕಳಿಗೆ ಎಲ್ಲಿ ಬದಲಾಯಿಸಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಕ್ರಮ ಗಟ್ಟಿಯಾಗಿದೆ, ಕೊಳ್ಳಬಹುದು. ಆದರೆ ಇದನ್ನು ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ. ಕನ್ನಡದ ನಾಲಿಗೆ ಎಡವುವ ಜಾಗಗಳಲ್ಲಿ ಶಿಕ್ಷಕರೇ ಕೈ ಹಾಕಬೇಕು. ಪೂರ್ತಿ ಸೆಟ್ಟಂತೂ ಬೇಡ.

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಲೋವೆಸ್ಟಾಫ್ಟ್ ಊರಿನ ಪ್ರೈಮರಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ಸೂ ಲಾಯ್ಡ್ ಮತ್ತು ಸಾರಾ ವರ್ನಮ್ ರೂಪಿಸಿದ ಕ್ರಮ ಇದು. ಕೈಪಿಡಿ ಮೊದಲು ಬಂದದ್ದು 1992ರಲ್ಲಿ. ಇಂಗ್ಲಿಷಿನ 42 ಮುಖ್ಯ ಧ್ವನಿಗಳನ್ನು ಆರಾರರಂತೆ ಏಳು ಗುಂಪು ಮಾಡಿದ್ದಾರೆ. ಪ್ರತಿ ಧ್ವನಿಗೂ ಒಂದು ಪುಟ್ಟ ಕಥೆ, ಒಂದು ಅಭಿನಯ, ಒಂದು ಹಾಡು. ಕಲಿಸುವ ಕೌಶಲ ಐದು: ಅಕ್ಷರದ ಧ್ವನಿ, ಅಕ್ಷರ ಬರೆಯುವ ರೀತಿ, ಧ್ವನಿಗಳನ್ನು ಕೂಡಿಸಿ ಓದುವುದು, ಪದವನ್ನು ಧ್ವನಿಗಳಾಗಿ ಬಿಡಿಸಿ ಬರೆಯುವುದು, ಮತ್ತು ನಿಯಮಕ್ಕೆ ಸಿಗದ ‘ಟ್ರಿಕಿ’ ಪದಗಳು.

ಅಕ್ಷರಗಳು ಎ, ಬಿ, ಸಿ, ಡಿ ಸಾಲಿನಲ್ಲಿ ಬರುವುದಿಲ್ಲ. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಈ ಆರೇ ಅಕ್ಷರದಿಂದ ಸ್ಯಾಟ್, ಸಿಟ್, ಪಿನ್, ಟಿನ್, ಪ್ಯಾನ್, ನ್ಯಾಪ್, ಸ್ಪಿನ್ ಎಂದು ಹತ್ತಾರು ಪದ ಹುಟ್ಟುತ್ತವೆ. ಅಂದರೆ ಎರಡನೇ ವಾರಕ್ಕೇ ಮಗು ಓದತೊಡಗುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಇದು ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯೂ ಅ, ಆ, ಇ, ಈ ಬಿಟ್ಟು ರ, ಗ, ಸ, ದ, ಅ ಎಂದೇ ಆರಂಭಿಸುತ್ತದೆ, ಕಾರಣವೂ ಅದೇ. ರಗಸದಅ ಕಲಿಸಿದವರು ಈ ಕೈಪಿಡಿ ಬಿಡಿಸಿದರೆ ಅರ್ಧ ಗಂಟೆಯಲ್ಲಿ ಅದರ ಜಾಡು ಹಿಡಿಯುತ್ತಾರೆ. ಎ ಫಾರ್ ಆಪಲ್ ಎಂದು ಸಾಲಾಗಿ ಹೇಳಿಸಿ ರೂಢಿಯಾದ ಕಾನ್ವೆಂಟ್ ಶಿಕ್ಷಕರಿಗೇ ಹೆಚ್ಚು ಕಷ್ಟ.

ಜೋಡಣೆಯಲ್ಲಿ ಇನ್ನೊಂದು ಜಾಣತನವಿದೆ. ಡಿ ಎರಡನೇ ಗುಂಪಿನಲ್ಲಿದ್ದರೆ ಬಿ ಮೂರನೇ ಗುಂಪಿನ ಕೊನೆಗೆ. ಎಡ–ಬಲ ತಿರುಗಿದಂತೆ ಕಾಣುವ ಇವೆರಡನ್ನೂ ಒಂದೇ ವಾರ ಕಲಿಸಿದರೆ ಮಗು ವರ್ಷಪೂರ್ತಿ ಅದಲುಬದಲು ಮಾಡುತ್ತದೆ. ಸಿ ಮತ್ತು ಕೆ ಎರಡನ್ನೂ ‘ಕ್’ ಎಂದು ಒಂದೇ ದಿನ ಕೊಡುತ್ತಾರೆ. ಎರಡು ರೂಪ, ಒಂದು ಧ್ವನಿ ಎಂಬುದು ಅಲ್ಲೇ ಮುಗಿಯುತ್ತದೆ.

ಇನ್ನು ಎಡವುವ ಜಾಗಗಳು. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಕನ್ನಡದಲ್ಲಿ ಅಕ್ಷರ ಅಂದರೆ ಪ, ಟ, ಬ. ಸ್ವರ ಅದರೊಳಗೇ ಕೂತಿರುತ್ತದೆ. ಹಾಗಾಗಿ ಪಿ ಅಕ್ಷರ ತೋರಿಸಿ ‘ಇದರ ಧ್ವನಿ ಏನು’ ಅಂದರೆ ಮಗು ‘ಪ’ ಎನ್ನುತ್ತದೆ, ಮೇಷ್ಟ್ರೂ ‘ಪ’ ಎನ್ನುತ್ತಾರೆ. ಆಮೇಲೆ ಪಿನ್ ಓದಿಸಲು ಹೋದರೆ ‘ಪ–ಇ–ನ’, ಕೂಡಿಸಿದರೆ ‘ಪಯಿನ’. ಇಲ್ಲಿ ಮಗು ದಡ್ಡ ಅಲ್ಲ, ಕೊಟ್ಟದ್ದನ್ನು ಸರಿಯಾಗಿಯೇ ಕೂಡಿಸಿದೆ. ಫೋನಿಕ್ಸ್ ‘ನಮ್ಮ ಮಕ್ಕಳಿಗೆ ಆಗಿಬರಲ್ಲ’ ಎಂದು ಶಾಲೆಗಳು ಬಿಟ್ಟದ್ದು ಬಹುಪಾಲು ಈ ಒಂದೇ ಕಾರಣಕ್ಕೆ.

ಮದ್ದು ಕನ್ನಡದಲ್ಲೇ ಇದೆ. ಮೊದಲೆರಡು ವಾರ ಬೋರ್ಡಿನ ಮೂಲೆಯಲ್ಲಿ ಪ್, ಟ್, ಸ್, ನ್ ಎಂದು ಅರ್ಧ ಅಕ್ಷರ ಬರೆದಿಡಿ. ತಲೆಕಟ್ಟು ಹೋದರೆ ‘ಅ’ ಹೋಯಿತು ಎಂದು ಒಂದನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿದು ‘ಪ್’ ಅನ್ನಿಸಿ. ಗಾಳಿ ಬರಬೇಕು, ಗಂಟಲು ಅದುರಬಾರದು. ಸ್, ನ್, ಮ್, ಫ್ ಮುಂತಾದವನ್ನು ಎಳೆಯಬಹುದು: ಸ್ಸ್ಸ್. ಪ್, ಟ್, ಕ್‌ಗಳನ್ನು ಎಳೆಯಲಾಗುವುದಿಲ್ಲ, ತಟ್ಟನೆ ಹೇಳಿ ಬಿಡಬೇಕು. ಬ್, ಡ್, ಗ್ ಹೇಳುವಾಗ ಸ್ವಲ್ಪ ‘ಅ’ ಹತ್ತಿಯೇ ಹತ್ತುತ್ತದೆ, ಅದನ್ನು ಎಷ್ಟು ಚಿಕ್ಕದು ಮಾಡಿದರೆ ಅಷ್ಟು ಒಳ್ಳೆಯದು.

ಕೂಡಿಸುವಾಗ ಕೈಪಿಡಿ ಮೂರೂ ಧ್ವನಿಯನ್ನು ಬೇಗ ಬೇಗ, ಮೊದಲನೆಯದನ್ನು ತುಸು ಗಟ್ಟಿಯಾಗಿ ಹೇಳಲು ಸೂಚಿಸುತ್ತದೆ. ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ದಾರಿ ಕಾಗುಣಿತ. ಪ್ ಗೆ ಇ ಸೇರಿದರೆ ಪಿ ಎಂಬುದು ಗುಡಿಸು ಕಲಿತ ಮಗುವಿಗೆ ಗೊತ್ತು. ಮೊದಲೆರಡು ಧ್ವನಿಯನ್ನು ಒಂದು ಅಕ್ಷರ ಮಾಡಿಸಿ, ಮೂರನೆಯದನ್ನು ಕೊನೆಗೆ ಅಂಟಿಸಿ: ಪಿ… ನ್, ಪಿನ್. ಟಿ… ಪ್, ಟಿಪ್. ಸ್ಪಿನ್, ಸ್ಟಾಪ್‌ನಂಥ ಪದಗಳಿಗೂ ಇದೇ. ಒತ್ತಕ್ಷರ ಬಲ್ಲ ಮಗುವಿಗೆ ‘ಸ್ಪಿ’ ಒಂದೇ ಉಸಿರಿನ ಅಕ್ಷರ. ಇಲ್ಲದಿದ್ದರೆ ‘ಇಸ್ಪಿನ್’, ‘ಇಸ್ಕೂಲ್’ ಎಂದು ಮುಂದೆ ಇ ಹಚ್ಚಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಅರ್ಧ ಅಕ್ಷರದ ಸಹಾಯ ಬಿಡಿ ಧ್ವನಿಗೆ ಮಾತ್ರ, ಅದೂ ಎರಡು ವಾರ. ಇಂಗ್ಲಿಷ್ ಪದದ ಕೆಳಗೆ ಇಡೀ ಪದವನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಮಗುವಿನ ಕಣ್ಣು ಮೇಲಿನ ಸಾಲಿಗೆ ಹೋಗುವುದೇ ಇಲ್ಲ. ಗೈಡುಗಳಲ್ಲಿ ಓದಿ ‘ಇಂಗ್ಲಿಷ್ ಬರುತ್ತೆ’ ಅನ್ನಿಸಿಕೊಂಡ ಮಕ್ಕಳು ಕೆಳಗಿನ ಸಾಲು ಮುಚ್ಚಿದ ಕೂಡಲೇ ನಿಂತುಬಿಡುವುದು ಇದಕ್ಕೇ.

ಎರಡನೆಯದು ಕೊನೆಯ ಉಕಾರ. ಬಸ್ಸು, ಪೆನ್ನು, ಬೆಲ್ಟು ಎನ್ನುವ ನಾಲಿಗೆ ಪಿನ್ ಅನ್ನು ‘ಪಿನ್ನು’ ಎಂದೇ ಮುಗಿಸುತ್ತದೆ. ಬರೆಯುವಾಗ ಬಾಲಕ್ಕೆ ಯು ಸೇರುತ್ತದೆ. ಬೈದು ಬಿಡಿಸುವ ಅಗತ್ಯವಿಲ್ಲ, ಇದರಿಂದ ಲಾಭವೇ ಇದೆ. ಕನ್ನಡದ ಮಗುವಿಗೆ ಅರ್ಥ ಗೊತ್ತಿರುವ ಇಂಗ್ಲಿಷ್ ಪದಗಳ ದಾಸ್ತಾನು ಮನೆಯಲ್ಲೇ ಬಿದ್ದಿದೆ; ಬಾಲ ಕತ್ತರಿಸಿ ಕೊಟ್ಟರೆ ಆಯಿತು. ಮೊದಲ ಗುಂಪಿಗೆ ಪಿನ್, ಟಿನ್, ಪ್ಯಾಂಟ್. ಎರಡನೆಯದಾದ ಮೇಲೆ ಪೆನ್, ಮ್ಯಾಟ್, ಕ್ಯಾಪ್, ಟೆಂಟ್, ಸ್ಟ್ಯಾಂಡ್, ಪಿಕ್‌ನಿಕ್. ಮೂರನೆಯದು ಮುಗಿದರೆ ಬಸ್, ಬ್ಯಾಗ್, ಕಪ್, ಬಲ್ಬ್, ಬೆಲ್ಟ್, ಕ್ಲಿಪ್, ಪ್ಲಗ್, ಡ್ರಮ್, ಲಿಫ್ಟ್. ಹಳ್ಳಿ ಶಾಲೆಯಲ್ಲಿ ‘ಪಂಪ್‌ಸೆಟ್’ ಕೊಟ್ಟು ನೋಡಿ: ಏಳಕ್ಷರದ ಪದ, ಒಂದೂ ಅಕ್ಷರ ಮೋಸ ಮಾಡುವುದಿಲ್ಲ, ಓದಿ ಮುಗಿಸಿದ ಕೂಡಲೇ ಇಡೀ ಕ್ಲಾಸಿಗೆ ಅರ್ಥ ಗೊತ್ತು. ಪುಸ್ತಕದ ಪಟ್ಟಿಗಿಂತ ಇಂಥ ಪಟ್ಟಿ ನಾವೇ ಬರೆದುಕೊಳ್ಳುವುದು ಉತ್ತಮ. ಬ್ರೆಡ್ಡು, ಸೋಪು, ಕೋಟುಗಳನ್ನು ಮಾತ್ರ ಆಗ ಸೇರಿಸಬೇಡಿ. ಅವುಗಳ ಸ್ಪೆಲ್ಲಿಂಗಿನಲ್ಲಿ ಜೋಡಿ ಸ್ವರ ಅಡಗಿದೆ. ಸೋಪು, ಕೋಟಿನ ಸರದಿ ನಾಲ್ಕನೇ ಗುಂಪಿಗೆ. ಬ್ರೆಡ್ಡು ಇನ್ನೂ ತಡವಾಗಿ.

ಸ್ವರಗಳಲ್ಲಿ ಕನ್ನಡದ ಮಗುವಿಗೆ ಒಂದು ಅನುಕೂಲ, ಒಂದು ತೊಂದರೆ. ಅನುಕೂಲ ಎಂದರೆ ಹ್ರಸ್ವ–ದೀರ್ಘ. ಎ–ಏ, ಒ–ಓ ಬೇರೆ ಬೇರೆ ಎಂದು ಹುಟ್ಟಿನಿಂದ ಕೇಳಿದ ಕಿವಿ ಇದು. ಆದ್ದರಿಂದ ಪೆನ್–ಪೇನ್, ಸಿಟ್–ಸೀಟ್ ಇವೆಲ್ಲ ಕೇಳುವುದಕ್ಕೆ ತೊಡಕೇ ಅಲ್ಲ. ಐದನೇ ಗುಂಪಿನಲ್ಲಿ ಎರಡು ಓ ಸೇರಿದ ಜೋಡಿಗೆ ಚಿಕ್ಕದು–ದೊಡ್ಡದು ಎಂದು ಎರಡು ಧ್ವನಿ ಕೊಡುತ್ತಾರೆ: ಬುಕ್‌ನಲ್ಲಿ ಉ, ಮೂನ್‌ನಲ್ಲಿ ಊ. ಕೊಂಬು, ಕೊಂಬಿನ ದೀರ್ಘ ಎಂದರೆ ಪಾಠ ಮುಗಿಯಿತು.

ತೊಂದರೆ ಮೊದಲ ಮೂರು ಗುಂಪಿನ ಎ, ಓ, ಯು ಎಂಬ ಇಂಗ್ಲಿಷ್ ಅಕ್ಷರಗಳು. ಕ್ಯಾಪ್, ಕಾಪ್, ಕಪ್: ಈ ಮೂರರಲ್ಲಿ ಮಗು ಬರೆಯುವಾಗ ತಪ್ಪುವುದು ‘ಕಪ್’ನಲ್ಲಿ. ‘ಅ’ ಕೇಳಿಸಿತು ಎಂದು ಎ ಬರೆಯುತ್ತದೆ, ಕಪ್ ಹೋಗಿ ಕ್ಯಾಪ್ ಆಗುತ್ತದೆ. ಯಾಕೆ? ಮಗುವಿನ ಹೆಸರು ನೋಡಿ. ಹಾಜರಿ ಪುಸ್ತಕದಲ್ಲಿ, ನೋಟ್‌ಬುಕ್ಕಿನ ಲೇಬಲ್ಲಿನಲ್ಲಿ ಕಮಲ ಎಂದು ಇಂಗ್ಲಿಷಿನಲ್ಲಿ ಬರೆದಾಗ ಮೂರು ಸಲವೂ ‘ಅ’ಕಾರಕ್ಕೆ ಎ. ಮಗು ಮೊದಲು ಕಲಿತ ಇಂಗ್ಲಿಷ್ ಪದವೇ ತನ್ನ ಹೆಸರು, ಅದು ಹೇಳುವ ನಿಯಮ ಬೇರೆ, ಪುಸ್ತಕ ಹೇಳುವ ನಿಯಮ ಬೇರೆ. ಊರಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲವೂ ಹೆಸರಿನ ಪಕ್ಷ. ಇಂಗ್ಲೆಂಡಿನ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮಕ್ಕಳ ಹೆಸರು, ಊರ ಹೆಸರುಗಳನ್ನು ಬೇರೆ ಬಣ್ಣದ ಕಾರ್ಡಿನಲ್ಲಿ ಬರೆದು ಬೇರೆ ಗೋಡೆಗೆ ಹಚ್ಚಿ, ‘ಇವು ನಮ್ಮ ಹೆಸರುಗಳು, ಇವನ್ನು ಬಿಡಿಸಿ ಓದುವುದಿಲ್ಲ’ ಎಂದು ಮೊದಲ ವಾರವೇ ಹೇಳಿಬಿಡಿ. ಯು ಬಂದ ದಿನ ಕ್ಯಾಪ್–ಕಪ್, ಬ್ಯಾಗ್–ಬಗ್, ಕ್ಯಾಟ್–ಕಟ್ ಜೋಡಿಗಳನ್ನು ಬರೀ ಕೇಳಿಸಿ, ಕೈ ಎತ್ತಿಸಿ. ಕಿವಿ ಬೇರ್ಪಡಿಸುವ ಮೊದಲು ಪೆನ್ಸಿಲ್ ಕೊಡಬೇಡಿ.

ಅದೇ ಜಗಳ ನಾಲ್ಕನೇ ಗುಂಪಿನಲ್ಲಿ ಮತ್ತೆ ಬರುತ್ತದೆ. ಎ–ಐ ಜೋಡಿಯ ಧ್ವನಿ ‘ಏ’: ರೇನ್, ಟ್ರೇನ್. ಐಹೊಳೆ, ಜೈಪುರದ ಬೋರ್ಡಿನಲ್ಲಿ ಅದೇ ಜೋಡಿ ‘ಐ’. ಅದಕ್ಕೇ ‘ರೈನ್’, ‘ಟ್ರೈನ್’ ಎಂದು ದೊಡ್ಡವರೂ ಓದುತ್ತಾರೆ. ಇದೊಂದನ್ನು ಬಿಟ್ಟರೆ ನಾಲ್ಕನೇ ಗುಂಪು ಸಲೀಸು. ಓ–ಎ ಸೇರಿ ಓ, ಎರಡು ಇ ಸೇರಿ ಈ. ಎಲ್ಲವೂ ಕನ್ನಡದ ದೀರ್ಘ ಸ್ವರಗಳೇ. ಜೋಡಿ ಅಕ್ಷರ ಕಷ್ಟ, ಬಿಡಿ ಅಕ್ಷರ ಸುಲಭ ಎಂಬ ಲೆಕ್ಕ ನಮ್ಮಲ್ಲಿ ತಿರುಗುಮುರುಗು.

ಪದದ ಮೊದಲಲ್ಲಿ ಬರುವ ಎ, ಒ ಸ್ವರಗಳಿಗೆ ಕನ್ನಡದ ಮಾತಿನಲ್ಲಿ ಯಕಾರ, ವಕಾರ ಸೇರುವುದುಂಟು: ಯೆಲ್ಲಿ, ವೊಂದು. ಅದೇ ಅಭ್ಯಾಸದಲ್ಲಿ ಎಗ್ ಹೋಗಿ ಯೆಗ್, ಎಂಡ್ ಹೋಗಿ ಯೆಂಡ್ ಆಗುತ್ತದೆ. ಓದಿಗೆ ದೊಡ್ಡ ಅಡ್ಡಿಯಲ್ಲ, ಆದರೆ ಉಕ್ತಲೇಖನದಲ್ಲಿ ಮೊದಲಿಗೆ ವೈ ಬಂದು ಕೂರುತ್ತದೆ.

ವ್ಯಂಜನಗಳಲ್ಲಿ ವಿ ಮತ್ತು ಡಬ್ಲ್ಯೂ ಎರಡೂ ನಮಗೆ ‘ವ’. ಅದೃಷ್ಟಕ್ಕೆ ಎರಡೂ ಐದನೇ ಗುಂಪಿನಲ್ಲೇ ಇವೆ. ಒಂದಕ್ಕೆ ಕೆಳತುಟಿಯನ್ನು ಹಲ್ಲಿಗೆ ತಾಗಿಸಿ, ಇನ್ನೊಂದಕ್ಕೆ ತುಟಿ ದುಂಡು ಮಾಡಿ ಅಂಗೈಗೆ ಗಾಳಿ ಊದಿಸಿ. ಚಿಕ್ಕ ಕನ್ನಡಿ ಇದ್ದರೆ ಇನ್ನೂ ವಾಸಿ. ವ್ಯಾನ್–ವೆಟ್ ಬರೆಸಿದಾಗ ಅದಲುಬದಲಾದರೆ ತಿದ್ದಿ, ಮಾತಿನಲ್ಲಿ ವ್ಯತ್ಯಾಸ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಟಿ–ಎಚ್ ಜೋಡಿಗೆ ನಾಲಿಗೆ ಹೊರಗೆ ಚಾಚಿ ಕೋಡಂಗಿಯ ಅಭಿನಯ ಮಾಡಿಸುತ್ತಾರೆ. ನಮ್ಮಲ್ಲಿ ಅದರ ಮೇಲೆ ವಾರಗಟ್ಟಲೆ ಕಳೆಯುವುದು ದಂಡ. ತ–ಟ, ದ–ಡ ಭೇದ ಇರುವ ಭಾಷೆಯ ಮಗುವಿಗೆ ‘ತಿನ್’ ಬೇರೆ, ‘ಟಿನ್’ ಬೇರೆ, ಸ್ಪೆಲ್ಲಿಂಗ್ ತಪ್ಪುವುದಿಲ್ಲ.

ಧ್ವನಿಮುದ್ರಿಕೆಯ ಬ್ರಿಟಿಷ್ ಉಚ್ಚಾರಣೆಯಲ್ಲಿ ಏಳನೇ ಗುಂಪಿನ ಎ–ಆರ್ ಬರೀ ‘ಆ’, ಇ–ಆರ್‌ನಲ್ಲಿ ರ್ ಕೇಳಿಸುವುದೇ ಇಲ್ಲ. ಅನುಕರಿಸಬೇಡಿ. ಕಾರ್, ಮಾರ್ಕ್ ಎಂದು ನಾವು ರ್ ಉಚ್ಚರಿಸುವುದರಿಂದಲೇ ನಮ್ಮ ಮಕ್ಕಳು ಬರೆಯುವಾಗ ಆರ್ ಬಿಡುವುದಿಲ್ಲ.

ಅಭಿನಯಗಳ ಬಗ್ಗೆ ಎರಡು ಮಾತು. ತೋಳಿನ ಮೇಲೆ ಇರುವೆ ಹರಿದಾಡಿದಂತೆ ಮಾಡಿ ಆ್ಯ, ಮೇಣದ ಬತ್ತಿ ಊದಿ ಪ್, ಹೊಟ್ಟೆ ಸವರಿ ಮ್ಮ್ಮ್, ಬಾಯಿಗೆ ಬೆರಳಿಟ್ಟು ಶ್: ಇವಕ್ಕೆ ದೇಶ–ಭಾಷೆ ಇಲ್ಲ, ಹಾಗೇ ಇಟ್ಟುಕೊಳ್ಳಿ. ಮಾತಾಡದೆ ಕೂರುವ ಮಗುವೂ ಅಭಿನಯಕ್ಕೆ ಕೈ ಎತ್ತುತ್ತದೆ. ಧ್ವನಿ ಮರೆತರೆ ಕೈ ನೆನಪಿಸುತ್ತದೆ. ಕೆಲವು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಕ್‌ಗೆ ಸ್ಪೇನಿನ ಕ್ಯಾಸ್ಟನೆಟ್ ಬಾರಿಸುವುದಿದೆ. ನಮ್ಮಲ್ಲಿ ಭಜನೆಯ ಚಿಟಿಕೆ ಎಂದರೆ ಆಯಿತು, ಕೈಯ ಚಲನೆ ಅದೇ. ‘ಐ’ ಧ್ವನಿಗೆ ನಾವಿಕನ ಸೆಲ್ಯೂಟ್ ಬದಲು ಕೈ ಬೀಸಿ ಬೈ ಬೈ. ಎನ್–ಜಿ ಜೋಡಿಯ ‘ಙ್’ಗೆ ಭಾರ ಎತ್ತುವ ಪೈಲ್ವಾನನಿಗಿಂತ ಲಾರಿಗೆ ಮೂಟೆ ಏರಿಸುವ ಹಮಾಲಿ ನಮ್ಮ ಮಕ್ಕಳಿಗೆ ಹತ್ತಿರ. ಆದರೆ 42ರಲ್ಲಿ ಮೂರು–ನಾಲ್ಕಕ್ಕಿಂತ ಹೆಚ್ಚು ಬದಲಾಯಿಸಬೇಡಿ. ಮುಂದಿನ ವರ್ಷ ಬೇರೆ ಶಿಕ್ಷಕರು ಬಂದಾಗ ಮಕ್ಕಳು ಕೈ ಒಂದು ರೀತಿ, ಅವರು ಒಂದು ರೀತಿ ಆಡಿಸುತ್ತಾ ನಿಲ್ಲಬೇಕಾಗುತ್ತದೆ. ಹಾಡುಗಳನ್ನು ನಾವು ಬಿಟ್ಟೇಬಿಟ್ಟೆವು ಅಂದರೂ ನಷ್ಟವಿಲ್ಲ. ಮಕ್ಕಳು ರಾಗ ಕಲಿಯುತ್ತಾರೆ, ಧ್ವನಿ ರಾಗದೊಳಗೆ ಕರಗಿಹೋಗುತ್ತದೆ.

ಬರವಣಿಗೆಗೆ ಬಂದರೆ, ಈ ಕ್ರಮ ಸಣ್ಣ ಅಕ್ಷರದಿಂದ ಶುರುಮಾಡುತ್ತದೆ. ಓದುವ ಪುಟದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಣ್ಣ ಅಕ್ಷರಗಳೇ ಇರುವುದರಿಂದ ಇದೇ ಸರಿ. ಮನೆಯವರು ಮಾತ್ರ ಒಪ್ಪುವುದು ಕಷ್ಟ. ‘ಇನ್ನೂ ದೊಡ್ಡ ಎಬಿಸಿಡಿ ಬರೆಸಿಲ್ಲ’ ಎಂಬ ದೂರು ಜೂನ್ ಮುಗಿಯುವುದರೊಳಗೆ ಬರುತ್ತದೆ. ಪೋಷಕರ ಮೊದಲ ಸಭೆಯಲ್ಲೇ ಪಿನ್ ಪದವನ್ನು ‘ಪಿ–ಐ–ಎನ್’ ಎಂದು ಅವರ ಕೈಲೇ ಓದಿಸಿ, ‘ಪಿಐಎನ್’ ಹೇಗೆ ಪಿನ್ ಆಗುತ್ತದೆ ಎಂದು ಕೇಳಿ. ಅಕ್ಷರದ ಹೆಸರು ಯಾಕೆ ತಡವಾಗಿ ಎಂಬುದಕ್ಕೆ ಬೇರೆ ವಿವರಣೆ ಬೇಡ. ಗೋಡೆಯ ಚಾರ್ಟನ್ನೂ ಒಮ್ಮೆ ನೋಡಿಕೊಳ್ಳಿ. ಐ ಫಾರ್ ಐಸ್‌ಕ್ರೀಮ್, ಜಿ ಫಾರ್ ಜಿರಾಫೆ, ಎಕ್ಸ್ ಫಾರ್ ಝೈಲೋಫೋನ್ ಇದ್ದರೆ ಆ ಚಾರ್ಟ್ ನಿಮ್ಮ ಪಾಠದ ವಿರುದ್ಧ ಕೆಲಸ ಮಾಡುತ್ತಿದೆ. ಇಳಿಸಿಬಿಡಿ.

ಅಕ್ಷರ ತಿದ್ದುವುದಕ್ಕೆ ಫಿಂಗರ್ ಫೋನಿಕ್ಸ್ ಎಂಬ ಏಳು ದಪ್ಪ ರಟ್ಟಿನ ಪುಸ್ತಕಗಳಿವೆ. ಅಕ್ಷರವನ್ನು ತಗ್ಗಾಗಿ ಕತ್ತರಿಸಿದ್ದಾರೆ, ಬೆರಳು ಅದರೊಳಗೆ ಜಾರುತ್ತದೆ. ಚೆನ್ನಾಗಿವೆ, ಮನೆಯಲ್ಲಿ ಒಂದೇ ಮಗುವಿದ್ದರೆ ಕೊಳ್ಳಿ. ಮೂವತ್ತು ಮಕ್ಕಳ ಕ್ಲಾಸಿಗೆ ತಟ್ಟೆಯಲ್ಲಿ ಹರಡಿದ ರಾಗಿ ಸಾಕು. ನೋಡಬೇಕಾದ್ದು ಒಂದೇ: ಸಿ, ಓ, ಎ, ಡಿ, ಜಿ ಎಲ್ಲವೂ ಎಡಕ್ಕೆ ತಿರುಗಿ ಶುರುವಾಗಬೇಕು. ಓ ಅನ್ನು ಬಲಕ್ಕೆ ಸುತ್ತುವ ಮಗು ಎ, ಡಿ ಬರೆಯುವಾಗ ಸೊನ್ನೆಗೊಂದು ಕೋಲು ಅಂಟಿಸುತ್ತದೆ, ವೇಗ ಬರುವುದೇ ಇಲ್ಲ. ಡಿ ಅಂದರೆ ಮೊದಲು ಸಿ ಬರೆ, ಆಮೇಲೆ ಮೇಲೆ ಹೋಗಿ ಇಳಿ. ಬಿ ಅಂದರೆ ಮೊದಲು ಕಡ್ಡಿ. ಹೀಗೆ ಕೈಗೆ ಕಲಿಸಿದರೆ ಬಿ–ಡಿ ಗೊಂದಲ ಬಹುಮಟ್ಟಿಗೆ ಹೋಗುತ್ತದೆ. ನಾಲ್ಕು ಗೆರೆಯ ಕಾಪಿಯಲ್ಲಿ ಅಗಲ ಗೆರೆಯದ್ದನ್ನೇ ತರಿಸಿ. ಅಕ್ಷರದ ಹೊಟ್ಟೆ ನಡುವಿನ ಎರಡು ಗೆರೆಯೊಳಗೆ, ಪಿ–ಜಿ ಬಾಲ ಮಾತ್ರ ಕೆಳಗಿನ ಗೆರೆಗೆ. ಒಂದು ಪುಟ ತುಂಬ ಒಂದೇ ಅಕ್ಷರ ಬರೆಸುವುದು ಶುದ್ಧ ದಂಡ. ಮೂರನೇ ಸಾಲಿನ ಹೊತ್ತಿಗೆ ಮಗು ಮೇಲಿನ ಸಾಲಿನ ತನ್ನದೇ ತಪ್ಪನ್ನು ನಕಲು ಮಾಡುತ್ತಿರುತ್ತದೆ. ಒಂದೂವರೆ ಸಾಲು, ಅದರಲ್ಲಿ ಚೆನ್ನಾಗಿ ಬಂದ ಒಂದಕ್ಕೆ ಮಗುವೇ ಗುಂಡು ಸುತ್ತಲಿ.

ಉಕ್ತಲೇಖನ ಮೊದಲ ವಾರದಿಂದಲೇ ಇರಲಿ: ದಿನಾ ಆರು ಧ್ವನಿ, ಮೂರು ಪದ, ಐದು ನಿಮಿಷ. ಪದ ಹೇಳಿ, ಮಗು ಬೆರಳು ಮಡಚುತ್ತಾ ಧ್ವನಿ ಎಣಿಸಲಿ, ಎಷ್ಟು ಬೆರಳೋ ಅಷ್ಟು ಚುಕ್ಕೆ ಇಡಲಿ, ಆಮೇಲೆ ಬರೆಯಲಿ. ಸ್ಟ್ಯಾಂಡ್ ಪದಕ್ಕೆ ಐದು ಬೆರಳು. ನಾಲ್ಕೇ ಮಡಚಿದರೆ ಬಹುಮಟ್ಟಿಗೆ ಬಿಟ್ಟುಹೋದದ್ದು ನ್. ಎಲ್ಲಿ ತಪ್ಪಿತು ಎಂದು ಬರೆಯುವ ಮೊದಲೇ ಗೊತ್ತಾಗುತ್ತದೆ. ಮಕ್ಕಳು ಸ್ವಂತವಾಗಿ ಬರೆಯುವಾಗ ಧ್ವನಿಗೆ ತಕ್ಕಂತೆ ಬರೆದ ತಪ್ಪು ಸ್ಪೆಲ್ಲಿಂಗನ್ನು ಮೊದಲ ಹಂತದಲ್ಲಿ ಒಪ್ಪಬೇಕು ಎನ್ನುವುದು ಈ ಕ್ರಮದ ನಿಲುವು, ನಮ್ಮದೂ ಅದೇ. ಕೆಂಪು ಪೆನ್ನು ಹಿಡಿಯಲೇಬೇಕು ಅನ್ನಿಸಿದರೆ ಕಲಿಸಿದ ಧ್ವನಿ ತಪ್ಪಿದಲ್ಲಿ ಮಾತ್ರ ಹಿಡಿಯಿರಿ.

ಟ್ರಿಕಿ ಪದಗಳ ಮೊದಲ ಕಂತಿನಲ್ಲಿ ಐ, ದ, ಹಿ, ಶಿ, ಮಿ, ವಿ, ಬಿ, ವಾಸ್, ಟು, ಡು, ಆರ್, ಆಲ್ ಬರುತ್ತವೆ. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಲ್ಲಿ ಬೆಳೆದ ಮಗುವಿಗೆ ಇದು ಅನ್ಯಾಯದಂತೆ ಕಾಣುತ್ತದೆ. ಇಡೀ ಪದ ಬಾಯಿಪಾಠ ಮಾಡಿಸದೆ, ಯಾವ ಅಕ್ಷರ ಮೋಸ ಮಾಡುತ್ತಿದೆ ಎಂದು ಹುಡುಕಿಸಿ. ವಾಸ್‌ನಲ್ಲಿ ಮೊದಲನೆಯದು ಸರಿ, ನಡುವಿನದು ಮೋಸ, ಕೊನೆಯದೂ ತುಸು ಮೋಸ. ವಾರಕ್ಕೆ ಎರಡು ಪದ ಸಾಕು. ನೋಡು, ಮುಚ್ಚು, ಬರೆ, ಹೋಲಿಸು.

ದಿನಕ್ಕೊಂದು ಧ್ವನಿಯಂತೆ ಸುಮಾರು ಒಂಬತ್ತು ವಾರದಲ್ಲಿ 42 ಮುಗಿಸಬೇಕು ಎನ್ನುತ್ತದೆ ಕೈಪಿಡಿ. ಇಂಗ್ಲೆಂಡಿನ ಮಗುವಿಗೆ ಆ ಧ್ವನಿಗಳು, ಆ ಪದಗಳು ಮೊದಲೇ ಕಿವಿಯಲ್ಲಿವೆ. ಇಲ್ಲಿ 40 ನಿಮಿಷದ ಒಂದು ಪೀರಿಯಡ್, ಉಳಿದ ದಿನವೆಲ್ಲ ಕನ್ನಡ. ಆ ವೇಗ ಹಿಡಿದ ಶಾಲೆಗಳಲ್ಲಿ ಅಕ್ಟೋಬರ್ ಹೊತ್ತಿಗೆ ಮಕ್ಕಳು ಎಲ್ಲ ಅಭಿನಯವನ್ನೂ ಮಾಡುತ್ತಾರೆ, ಒಂದೂ ಪದ ಓದುವುದಿಲ್ಲ. ವ್ಯಂಜನಕ್ಕೆ ಎರಡು ದಿನ, ಎ–ಓ–ಯು ಸ್ವರಗಳಿಗೆ ನಾಲ್ಕು ದಿನ ಕೊಡಿ. ದಸರಾ ರಜೆಯೊಳಗೆ ಮೊದಲ ಮೂರು ಗುಂಪು ಗಟ್ಟಿಯಾದರೆ ಸಾಕು. ನಾಲ್ಕರಿಂದ ಮುಂದೆ ತಾನೇ ವೇಗ ಬರುತ್ತದೆ. ಪೀರಿಯಡ್ಡಿನಲ್ಲಿ ಹಳೆಯ ಧ್ವನಿ ಕಾರ್ಡು 5 ನಿಮಿಷ, ಹೊಸ ಧ್ವನಿ 5, ತಿದ್ದುವುದು 8, ಕೂಡಿಸಿ ಓದುವುದು 15, ಉಕ್ತಲೇಖನ 5. ಹೊತ್ತು ಸಾಲದಾದಾಗ ಎಲ್ಲರೂ ಮೊದಲು ಕತ್ತರಿಸುವುದು ಕೂಡಿಸುವುದನ್ನು, ಅದಕ್ಕೆ ಮಾತ್ರ ಕೈ ಹಾಕಬೇಡಿ.

ಈಗ ಈ ಕ್ರಮದ ನಿಜವಾದ ಕೊರತೆ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಓದನ್ನು ಒಂದು ಗುಣಾಕಾರವಾಗಿ ಬರೆದಿಟ್ಟರು: ಅಕ್ಷರ ಬಿಡಿಸುವ ಶಕ್ತಿ ಗುಣಿಲೆ ಮಾತು ಅರ್ಥವಾಗುವ ಶಕ್ತಿ. ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಜಾಲಿ ಫೋನಿಕ್ಸ್ ಮೊದಲನೆಯದನ್ನು ಕೊಡುತ್ತದೆ, ಎರಡನೆಯದು ಮಗುವಿನಲ್ಲಿ ಈಗಾಗಲೇ ಇದೆ ಎಂದು ನಂಬುತ್ತದೆ. ನಮ್ಮ ಮಗು ‘ನ್ಯಾಪ್’ ಅನ್ನು ನಿರರ್ಗಳ ಓದಿ ಮುಖ ನೋಡುತ್ತದೆ. ದಿನಕ್ಕೆ ಹತ್ತು ನಿಮಿಷ ಬೇರೆಯಾಗಿ ಮಾತಿನ ಇಂಗ್ಲಿಷ್ ಬೇಕು: ಆಜ್ಞೆಗಳು, ವಸ್ತುಗಳು, ಚಿತ್ರ ನೋಡಿ ಒಂದು ವಾಕ್ಯ. ಅರ್ಥವನ್ನು ಕನ್ನಡದಲ್ಲೇ ಹೇಳಿ, ಅದರಲ್ಲಿ ಸಂಕೋಚ ಬೇಡ. ‘ನ್ಯಾಪ್ ಅಂದ್ರೆ ಮಧ್ಯಾಹ್ನದ ಸಣ್ಣ ನಿದ್ದೆ’ ಎನ್ನಲು ಮೂರು ಸೆಕೆಂಡ್ ಸಾಕು, ಅಭಿನಯಿಸಿ ತೋರಿಸಲು ಮೂರು ನಿಮಿಷ ಬೇಕು.

ಓದುವ ಪುಸ್ತಕಗಳಲ್ಲಿ ಜಾಲಿ ರೀಡರ್ಸ್‌ನ ಕೆಂಪು ಮಟ್ಟದ್ದು ಒಂದೊಂದು ಪ್ರತಿ ಕೊಳ್ಳಬಹುದು. ಕಲಿಸಿದ ಧ್ವನಿಗಳ ಪದಗಳನ್ನೇ ಬಳಸಿದ್ದಾರೆ, ಉಚ್ಚರಿಸದ ಅಕ್ಷರಗಳನ್ನು ಮಸುಕಾಗಿ ಮುದ್ರಿಸಿದ್ದಾರೆ. ಆ ಮಸುಕು ಅಕ್ಷರ ತುಂಬ ಉಪಕಾರಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆ ಕಥೆಗಳು ರಾಶಿ ಇವೆ, ಕನ್ನಡ–ಇಂಗ್ಲಿಷ್ ಎರಡರಲ್ಲೂ. ಅವು ಅಮೂಲ್ಯ, ಆದರೆ ಬೇರೆ ಕೆಲಸಕ್ಕೆ. ಅಲ್ಲಿನ ಒಂದನೇ ಮಟ್ಟದ ಕಥೆಯಲ್ಲೂ ಎಲಿಫೆಂಟ್, ವಾಟರ್, ನೈಟ್ ಬರುತ್ತವೆ. ಆರು ಧ್ವನಿ ಕಲಿತ ಮಗುವಿನ ಕೈಗೆ ಕೊಟ್ಟು ಓದು ಎಂದರೆ ಅದು ಚಿತ್ರ ನೋಡಿ ಊಹಿಸುವುದನ್ನು ಕಲಿಯುತ್ತದೆ. ಅವನ್ನು ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಲಿ.

ಕೊಳ್ಳುವ ಪಟ್ಟಿ ಚಿಕ್ಕದು. ಶಿಕ್ಷಕರಿಗೆ ಫೋನಿಕ್ಸ್ ಕೈಪಿಡಿ ಒಂದು. ಮಕ್ಕಳಿಗೆ ಪ್ಯೂಪಿಲ್ ಬುಕ್ 1. ಎರಡು, ಮೂರನೇ ಪುಸ್ತಕಗಳಲ್ಲಿ ಒಂದೇ ಧ್ವನಿಗೆ ಬೇರೆ ಬೇರೆ ಸ್ಪೆಲ್ಲಿಂಗ್‌ಗಳು ಬರುತ್ತವೆ. ನಮ್ಮ ವೇಗದಲ್ಲಿ ಅವು ಮುಂದಿನ ವರ್ಷಕ್ಕೆ. ಪ್ಯೂಪಿಲ್ ಬುಕ್ ಬಣ್ಣದ್ದೂ ಇದೆ, ಕಪ್ಪು–ಬಿಳುಪಿನದ್ದೂ ಇದೆ. ಕಪ್ಪು–ಬಿಳುಪೇ ತೆಗೆದುಕೊಳ್ಳಿ, ಮಕ್ಕಳೇ ಬಣ್ಣ ತುಂಬುತ್ತಾರೆ. ಪ್ಯೂಪಿಲ್ ಬುಕ್ ಇದ್ದಮೇಲೆ ಏಳು ವರ್ಕ್‌ಬುಕ್‌ಗಳು ಬೇಡ, ಪಾಠ ಎರಡೆರಡು ಸಲವಾಗುತ್ತದೆ. ಗೊಂಬೆಗಳು, ಗೋಡೆ ಪಟ್ಟಿ, ಡಬ್ಬಿಯಲ್ಲಿ ಬರುವ ಪೂರ್ತಿ ಕಿಟ್ ಬೇಡ. ಧ್ವನಿ ಕಾರ್ಡನ್ನು ಹಳೆಯ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದುಕೊಂಡರೆ ಆಯಿತು, ಒಂದು ಅಕ್ಷರ ಕನಿಷ್ಠ ಅಂಗೈ ಅಗಲ.

ಆರ್ಡರ್ ಮಾಡುವಾಗ ಒಂದು ಕಡೆ ಎಲ್ಲರೂ ಮುಗ್ಗರಿಸುತ್ತಾರೆ. ಇದೇ ಪುಸ್ತಕ ಎರಡು ಅಕ್ಷರ ಶೈಲಿಯಲ್ಲಿ ಬರುತ್ತದೆ: ‘ಪ್ರಿಂಟ್ ಲೆಟರ್ಸ್’ ಮತ್ತು ‘ಪ್ರಿಕರ್ಸಿವ್ ಲೆಟರ್ಸ್’. ಎರಡನೆಯದರಲ್ಲಿ ಅಕ್ಷರದ ಕೊನೆಗೆ ಚಿಕ್ಕ ಬಾಲ, ಮುಂದೆ ಕೂಡಿಸಿ ಬರೆಯುವುದಕ್ಕೆ ಅಂತ. ಹೊದಿಕೆ ಚಿತ್ರ ಒಂದೇ ಥರ ಇರುವುದರಿಂದ ಅಂಗಡಿಯವರಿಗೂ ಗೊತ್ತಾಗುವುದಿಲ್ಲ, ಅರ್ಧ ಕ್ಲಾಸಿಗೆ ಒಂದು, ಅರ್ಧಕ್ಕೆ ಇನ್ನೊಂದು ಬಂದು ಕೂರುತ್ತದೆ. ಶಾಲೆಯಲ್ಲಿ ಕೂಡಕ್ಷರ ಕಡ್ಡಾಯ ಇಲ್ಲದಿದ್ದರೆ ಪ್ರಿಂಟ್ ತರಿಸಿ. ಬ್ರಿಟಿಷ್, ಅಮೆರಿಕನ್ ಎಂದೂ ಎರಡಿದೆ, ಬ್ರಿಟಿಷ್ ಸಾಕು. ಜೆರಾಕ್ಸ್ ಮಾಡಿದ ಪ್ರತಿಗಳಲ್ಲಿ ಅಕ್ಷರ ಎಲ್ಲಿಂದ ಶುರು ಎಂದು ತೋರಿಸುವ ಬಾಣಗಳು ಅಳಿಸಿಹೋಗಿರುತ್ತವೆ. ಪುಸ್ತಕದ ಅರ್ಧ ಬೆಲೆ ಆ ಬಾಣಗಳಲ್ಲೇ ಇದೆ.

ಪ್ರತಿ ಗುಂಪು ಮುಗಿದ ಮೇಲೆ ಮಗುವನ್ನು ಒಬ್ಬೊಬ್ಬರನ್ನೇ ಕೂರಿಸಿ ಆರು ಪದ ಓದಿಸಿ, ಅದರಲ್ಲಿ ಮೂರು ಅರ್ಥವಿಲ್ಲದವು ಇರಲಿ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ವರ್ಷದ ಮಕ್ಕಳಿಗೆ ನಡೆಸುವ ಪರೀಕ್ಷೆಯ 40 ಪದಗಳಲ್ಲೂ ಅರ್ಧ ಹೀಗೆ ಹುಸಿ ಪದಗಳೇ. ಮೊದಲ ಗುಂಪಿಗೆ ಪಿನ್, ಟ್ಯಾಪ್, ಸಿಟ್ ಜೊತೆ ಟಿಸ್, ನ್ಯಾಟ್, ಪ್ಯಾಸ್. ಪಿನ್ ಓದಿ ಟಿಸ್ ಓದದ ಮಗು ಪಿನ್ ಅನ್ನು ಚಿತ್ರದಂತೆ ನೆನಪಿಟ್ಟಿದೆ. ಮತ್ತೆ ಕಾಗುಣಿತದ ದಾರಿಗೆ ಕರೆದುಕೊಂಡು ಬನ್ನಿ. ಬಿಡಿ ಧ್ವನಿ ಎಲ್ಲ ಸರಿ ಹೇಳಿ ಕೂಡಿಸಲಾಗದ ಮಗುವಿಗೆ ಧ್ವನಿ ಕಾರ್ಡು ಇನ್ನಷ್ಟು ತೋರಿಸುವುದರಿಂದ ಪ್ರಯೋಜನವಿಲ್ಲ. ಪುಸ್ತಕ ಮುಚ್ಚಿ, ಬಾಯಲ್ಲೇ ‘ಬ್–ಅ–ಸ್, ಏನು ಬಂತು?’ ಎಂದು ಆಡಿಸಿ. ಕಿವಿ ಕೂಡಿಸಿದ ಮೇಲೆ ಕಣ್ಣಿಗೆ ಕೊಡಿ. ಕ್ಲಾಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಆರರಲ್ಲಿ ನಾಲ್ಕು ಓದದಿದ್ದರೆ ಮುಂದಿನ ಗುಂಪನ್ನು ಒಂದು ವಾರ ತಡೆಹಿಡಿಯಿರಿ, ಹೆಡ್‌ಮಾಸ್ಟರು ಪೋರ್ಷನ್ ಎಲ್ಲಿಗೆ ಬಂತು ಎಂದು ಕೇಳಿದರೂ ಸರಿಯೆ.